ಕಪ್ಪು ಗೋಲಿ

ಹೊಳೆ ದಂಡೆಯ ಊರೊಂದರಲ್ಲಿ ಫ್ರೀಮೇಸನ್‌ಗಳ ಲಾಡ್ಜ್ ಇತ್ತು. ಲಾಡ್ಜ್ ಅಂದರೆ ರೂಮು ಬಾಡಿಗೆಗೆ ಸಿಗುವ ಲಾಡ್ಜ್ ಅಲ್ಲ, ಮತ್ತೆ. ನಾನಾ ಜಾತಿಯ, ನಾನಾ ಕಸುಬಿನ ಗಂಡಸರು ತಿಂಗಳಿಗೊಮ್ಮೆ ಸೇರಿ, ಬಿಳಿ ಏಪ್ರನ್ ಕಟ್ಟಿಕೊಂಡು, ಬಾಗಿಲು ಹಾಕಿಕೊಂಡು, ಒಬ್ಬರನ್ನೊಬ್ಬರು ‘ಬ್ರದರ್’ ಅಂತ ಕರೆಯುವ ಜಾಗ. ಒಳಗೇನು ನಡೆಯುತ್ತದೆ ಅಂತ ತಿಳಿಯದ ಊರಿನವರು ಅದನ್ನು ದೆವ್ವದ ಬಂಗಲೆ ಅನ್ನುತ್ತಿದ್ದರು. ಅನ್ನಲಿ ಬಿಡಿ.

ಅಲ್ಲಿಯ ಹಿರಿಯ ದೇವದಾನ ಮೇಷ್ಟ್ರು. ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿ ನಿವೃತ್ತರಾದವರು. ಅವರ ಬೆನ್ನು ಹಿಡಿದು ಲಾಡ್ಜಿಗೆ ಬಂದ ಶಿಷ್ಯ ಪಂಚಾಕ್ಷರಿ.

ಪಂಚಾಕ್ಷರಿಯದು ಔಷಧಿ ಅಂಗಡಿ. ಅವನ ಅಣ್ಣ ಮೃತ್ಯುಂಜಯ ಊರಿಗೇ ಬೇಕಾದ ಡಾಕ್ಟರು. ಅಣ್ಣನ ದವಾಖಾನೆಗೆ ಅಂಟಿಕೊಂಡೇ ತಮ್ಮನ ಅಂಗಡಿ, ಬರುವವರೆಲ್ಲ ಅಣ್ಣ ಬರೆದ ಚೀಟಿ ಹಿಡಿದು ಬರುವವರೇ. ಮದುವೆ ಮನೆಗೆ ಹೋದರೆ, ಡಾಕ್ಟರ ತಮ್ಮ ಬಂದರು, ಎಲೆ ಹಾಕಿ ಅನ್ನುತ್ತಿದ್ದರು. ಪಾಪ, ಅವನಿಗೊಂದು ಹೆಸರಿದೆ ಅನ್ನುವುದೇ ಊರಿಗೆ ಮರೆತುಹೋಗಿತ್ತು.

ಲಾಡ್ಜಿನೊಳಗೆ ಮಾತ್ರ ಅವನು ಬ್ರದರ್ ಪಂಚಾಕ್ಷರಿ. ಜಡ್ಜ್ ಸಾಹೇಬರು, ಬೇಕರಿಯ ಮೊಯ್ದು, ಇವನು, ಎಲ್ಲರೂ ಒಂದೇ ಸಾಲಿನಲ್ಲಿ. ಬ್ರದರ್ ಅನ್ನುವ ಆ ಮಾತು ಮೊದಲ ಸಲ ಕಿವಿಗೆ ಬಿದ್ದ ದಿನ ಅವನು ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತಿದ್ದ. ಸಂತೋಷಕ್ಕೆ.

ಒಂದು ದಿನ ಊಟಕ್ಕೆ ಕೂತಾಗ ಅಣ್ಣ ಮಾತು ತೆಗೆದ. ಅಲ್ಲಿಗೆ ಹೋಗಿ ಬಂದ ದಿನ ನಿನ್ನ ಮುಖ ಎಷ್ಟು ಕಳೆಯಾಗಿರುತ್ತೆ ಕಣೋ, ನಾನೂ ಬರ್ತೀನಿ, ನೀನೇ ನನ್ನ ಹೆಸರು ಸೂಚಿಸು ಅಂದ.

ಇಲ್ಲ ಅನ್ನಲು ಪಂಚಾಕ್ಷರಿಗೆ ಬಾಯಿ ಬರಲಿಲ್ಲ. ಹೆಸರು ಸೂಚಿಸಿ ಸಹಿ ಹಾಕಿದ. ಮಾರನೆಯ ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಮೇಷ್ಟ್ರ ಹತ್ತಿರ ಓಡಿದ.

“ಹೇಗಾದರೂ ಮಾಡಿ ಇದನ್ನು ತಪ್ಪಿಸಿ ಮೇಷ್ಟ್ರೇ. ಮನೆ, ಅಂಗಡಿ, ಹೆಸರು, ಎಲ್ಲಾ ಅಣ್ಣನದೇ. ಅಣ್ಣನಿಗೆ ಪಾಲಿಲ್ಲದ್ದು ಒಂದಾದರೂ ನನಗೆ ಇರಲಿ.”

ಮೇಷ್ಟ್ರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಪಂಚಾಕ್ಷರಿ ಕೂತ.

“ನೀನು ಕೂತಿದ್ದಕ್ಕೆ ನನ್ನ ಮೆಟ್ಟಿಲು ಎಷ್ಟು ಕಮ್ಮಿಯಾಯಿತು?”

“ನಾನು ಕೂತರೆ ಬೇರೆ, ಅಣ್ಣ ಕೂತರೆ ಬೇರೆ. ಅಣ್ಣ ಕೂತ ಮೇಲೆ ಅದು ಅಣ್ಣನ ಮೆಟ್ಟಿಲು.”

ಮೇಷ್ಟ್ರು, ತಾವು ಯಾರನ್ನೂ ತಡೆಯುವುದಿಲ್ಲ, ತಡೆಯುವುದಕ್ಕೆ ಲಾಡ್ಜಿನ ಮತದ ಪೆಟ್ಟಿಗೆ ಇದೆ ಅಂದರು.

“ಪೆಟ್ಟಿಗೆಯಲ್ಲಿ ಯಾರ ಕೈ ಏನು ಹಾಕಿತು ಅಂತ ಯಾರೂ ಕೇಳುವ ಹಾಗಿಲ್ಲ. ಹಾಕಿದವನು ಹೇಳುವ ಹಾಗೂ ಇಲ್ಲ. ಪ್ರಮಾಣ ಮಾಡಿದ್ದೀಯ. ಎರಡೂ ನೆನಪಿರಲಿ.”

ಪಂಚಾಕ್ಷರಿ ಮೊದಲನೆಯದನ್ನಷ್ಟೇ ಮನಸ್ಸಿಗೆ ಹಾಕಿಕೊಂಡು ಎದ್ದ.

ಪೆಟ್ಟಿಗೆಯ ಪದ್ಧತಿ ಹೇಳಿಬಿಡುತ್ತೇನೆ. ಹೊಸಬ ಬರಲಿ ಅನ್ನುವವನು ಬಿಳಿ ಗೋಲಿ ಹಾಕಬೇಕು, ಬೇಡ ಅನ್ನುವವನು ಕಪ್ಪು ಗೋಲಿ. ಮುಷ್ಟಿಯೊಳಗೆ ಏನಿದೆ ಅಂತ ಪಕ್ಕದವನಿಗೂ ಕಾಣಿಸದು. ಒಂದೇ ಒಂದು ಕಪ್ಪು ಬಿದ್ದರೂ ಮುಗಿಯಿತು, ಆ ಹೊಸಬನಿಗೆ ಬಾಗಿಲು ತೆರೆಯುವುದಿಲ್ಲ.

ಮುಂದಿನ ಸಭೆಯ ಸಂಜೆ ಎಲ್ಲರೂ ಸಾಲಾಗಿ ಬಂದು ಕೈ ಹಾಕಿದರು. ಮೇಷ್ಟ್ರು ಪೆಟ್ಟಿಗೆ ತೆರೆದು ನೋಡಿದರೆ ಬಿಳಿಯ ನಡುವೆ ಒಂದು ಕಪ್ಪು. ಯಾರದೋ ಬೆರಳು ತಡವರಿಸಿರಬೇಕು, ಇನ್ನೊಮ್ಮೆ ಹಾಕೋಣ ಅಂದರು. ಅನ್ನುವಾಗ ಯಾರ ಮುಖವನ್ನೂ ನೋಡಲಿಲ್ಲ.

ಎರಡನೆಯ ಸಲವೂ ಒಂದು ಕಪ್ಪು ಇತ್ತು.

ಅಲ್ಲಿಗೆ ಲಾಡ್ಜಿನ ನೆಮ್ಮದಿ ಹೋಯಿತು. ತಮ್ಮ ಮಕ್ಕಳ ಜ್ವರಕ್ಕೆ ಸರಿರಾತ್ರಿಯಲ್ಲೂ ಎದ್ದು ಬರುತ್ತಿದ್ದ ಡಾಕ್ಟರಿಗೆ ಕಪ್ಪು ಹಾಕಿದ ಪುಣ್ಯಾತ್ಮ ಯಾರಪ್ಪಾ ಅಂತ ಒಬ್ಬರ ಕೈ ಇನ್ನೊಬ್ಬರು ನೋಡತೊಡಗಿದರು. ಹೆಸರು ಸೂಚಿಸಿದ ತಮ್ಮನ ಮೇಲೆ ಅನುಮಾನ ಯಾರಿಗೆ ಬರುತ್ತದೆ? ಎಲ್ಲರೂ ಅವನನ್ನೇ ಸಮಾಧಾನ ಮಾಡಿದರು. ಮಾಡಿಸಿಕೊಂಡ.

ಆಮೇಲೆ ಯಾರೋ ಒಬ್ಬರು ನೆನಪು ಮಾಡಿದರು, ಮೇಷ್ಟ್ರ ಹೆಂಡತಿ ತೀರಿಕೊಂಡಿದ್ದು ಈ ಡಾಕ್ಟರ ಕೈಯಲ್ಲೇ ಅಲ್ಲವೇ ಅಂತ. ಅಷ್ಟು ಸಾಕಾಯಿತು. ಮೇಷ್ಟ್ರು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಅನ್ನುವ ಹಾಗಿರಲಿಲ್ಲವಲ್ಲ.

ಸಭೆ ಮುಗಿಸಿ ಊಟಕ್ಕೆ ಕೂತರೆ ಮೇಷ್ಟ್ರ ಎಡಬಲದ ಕುರ್ಚಿಗಳು ಖಾಲಿ ಉಳಿಯತೊಡಗಿದವು. ಪಂಚಾಕ್ಷರಿಯೂ ದೂರವೇ ಕೂತ. ಹತ್ತಿರ ಕೂತರೆ ಅನುಮಾನ ಎಲ್ಲಿ ತನ್ನ ಮೇಲೆ ಬಂದೀತೋ ಅನ್ನುವ ಭಯ. ಥೂ, ಅದೂ ಒಂದು ಬಾಳೇ?

ವರ್ಷ ತಿರುಗುವಷ್ಟರಲ್ಲಿ ಮೇಷ್ಟ್ರು ಹಿರಿತನ ಬಿಟ್ಟುಕೊಟ್ಟು ಬಾಗಿಲು ಕಾಯುವ ಕೆಲಸ ಕೇಳಿ ಪಡೆದರು. ಲಾಡ್ಜಿನಲ್ಲಿ ಅದೂ ಒಂದು ಪದವಿಯೇ, ಬ್ರದರುಗಳಲ್ಲೇ ಒಬ್ಬರು ಕತ್ತಿ ಹಿಡಿದು ಹೊರಗೆ ಕೂರಬೇಕು. ಒಳಗೆ ನಡೆಯುವ ಯಾವುದೂ ಅವರ ಪಾಲಿಗಿಲ್ಲ.

ಈ ಸುದ್ದಿ ಅಣ್ಣನಿಗೂ ಮುಟ್ಟಿತು. ಮಧ್ಯಾಹ್ನ ಊಟಕ್ಕೆ ಕೂತವನು ತಮ್ಮನ ತಟ್ಟೆಗೆ ತಾನೇ ತುಪ್ಪ ಹಾಕುತ್ತಾ ಅಂದ:

“ಮೇಷ್ಟ್ರ ಮೇಲೆ ಸಿಟ್ಟು ಮಾಡ್ಕೋಬೇಡ ಕಣೋ. ಅವರ ಮನೆಯವರನ್ನ ಉಳಿಸೋಕೆ ನನ್ನ ಕೈಲಿ ಆಗ್ಲಿಲ್ಲ. ಹಾಕಿದಾರೆ, ಹಾಕ್ಲಿ ಬಿಡು. ನಿನ್ನ ಪಕ್ಕ ಕೂರೋ ಆಸೆ ಇತ್ತು, ಅಷ್ಟೇ.”

ಪಂಚಾಕ್ಷರಿ ತಟ್ಟೆ ಸರಿಸಿದ. ಕೈ ತೊಳೆದು ಎದ್ದುಬಿಟ್ಟ.

ಅವತ್ತೇ ಲಾಡ್ಜಿನ ದಿನ. ಸಂಜೆ ಅವನು ಹೋಗುವಷ್ಟರಲ್ಲಿ ಬಾಗಿಲು ಹಾಕಿತ್ತು. ಜಗುಲಿಯಲ್ಲಿ ಮೇಷ್ಟ್ರು ಒಬ್ಬರೇ, ಮಡಿಲಲ್ಲಿ ಕತ್ತಿ.

“ಮೇಷ್ಟ್ರೇ, ಆ ಕಪ್ಪು ಗೋಲಿ...”

ಮೇಷ್ಟ್ರು ಕತ್ತಿ ಎತ್ತಿ ಅವನ ಎದೆಗೆ ಅಡ್ಡ ಹಿಡಿದರು.

“ಹೇಳುವ ಹಾಗಿಲ್ಲ.”

“ನಿಮಗೆ ಗೊತ್ತಿದೆ.”

“ನನಗೇನೂ ಗೊತ್ತಿಲ್ಲ. ಗೊತ್ತಾಗುವ ಹಾಗೂ ಇಲ್ಲ.”

ಪಂಚಾಕ್ಷರಿ ಗೋಗರೆದ. ಅಣ್ಣನೊಬ್ಬನಿಗಾದರೂ ಹೇಳಿಬಿಡುತ್ತೇನೆ, ನಿಮ್ಮ ಮೇಲಿನ ಅಪವಾದ ಹೋಗಲಿ, ನನಗೂ ತಡೆಯುವುದಕ್ಕಾಗುತ್ತಿಲ್ಲ ಅಂದ. ಮೇಷ್ಟ್ರು ಬೇಡ ಅನ್ನಲಿಲ್ಲ. ರಸ್ತೆಯ ಕಡೆ ಕೈ ತೋರಿಸಿದರು. ಹೋಗಿ ಹೇಳಬಹುದು. ಹೇಳಿದವನು ಪ್ರಮಾಣ ಮುರಿದವನು, ಅವನಿಗೆ ಈ ಬಾಗಿಲು ಮತ್ತೆ ತೆರೆಯುವುದಿಲ್ಲ. ಅದು ಇಬ್ಬರಿಗೂ ಗೊತ್ತಿದ್ದ ಮಾತು.

ಅಷ್ಟರಲ್ಲಿ ಒಳಗಿನಿಂದ ಯಾರೋ ಕೇಳಿದರು, ಬ್ರದರ್ ಪಂಚಾಕ್ಷರಿ ಇನ್ನೂ ಬಂದಿಲ್ಲವೇ ಅಂತ.

ಪಂಚಾಕ್ಷರಿ ರಸ್ತೆ ನೋಡಿದ. ಬಾಗಿಲು ನೋಡಿದ. ಅವನ ಕೈ ತನ್ನಷ್ಟಕ್ಕೆ ತಾನೇ ಚೀಲದಿಂದ ಏಪ್ರನ್ ತೆಗೆದು ಸೊಂಟಕ್ಕೆ ಕಟ್ಟತೊಡಗಿತು.

ಮೇಷ್ಟ್ರು ಕತ್ತಿ ಇಳಿಸಿದರು. ಅವನ ಬೆನ್ನ ಹಿಂದೆ ಸಡಿಲವಾಗಿದ್ದ ಏಪ್ರನ್ ಗಂಟನ್ನು ತಾವೇ ಸರಿಮಾಡಿದರು. ಅವನ ಪರವಾಗಿ ಬಾಗಿಲು ತಟ್ಟಿದರು.

“ಅಣ್ಣನಿಗೆ ಪಾಲಿಲ್ಲದ್ದು ಒಂದು ಬೇಕು ಅಂದಿದ್ದೆಯಲ್ಲ ಪಂಚಾಕ್ಷರಿ. ಹೇಳಲಾಗದ ಈ ಮಾತು ಪೂರ್ತಿ ನಿನ್ನದೇ. ಹೋಗು, ಕೂತುಕೋ.”