ಗೌಡ್ರು ಬಿಟ್ಟ ಚಪ್ಪಲಿ

ಚುನಾವಣೇಲಿ ಪಕ್ಷ ಮಣ್ಣುಮುಕ್ಕಿತ್ತು. ಸೋತ ವೀರೇಗೌಡ್ರು ಪಕ್ಷದ ಆಫೀಸಲ್ಲಿ ಚಾ ಕೊಡೋ ಜವರಣ್ಣನ ಮೇಲೆ ಎಗರಿದ್ರು: "ಪಕ್ಷ ಮತ್ತೆ ಕಟ್ಬೇಕು. ನಾಳೆ ಮುನ್ನೂರು ಜನ ತೋರ್ಸು. ಇಲ್ದಿದ್ರೆ ನಿನ್ ಕೆಲ್ಸ ಹೋಯ್ತು!"

ಜವರಣ್ಣ ಅಂದ್ರೆ ಸುಮ್ನೆನಾ? ಬೆಳಿಗ್ಗೆ ಗೌಡ್ರನ್ನ ಸೀದಾ ರೇಷನ್ ಅಂಗಡಿಗೆ ಕರ್ಕೊಂಡೋದ. ಹೆಬ್ಬೆಟ್ಟೊತ್ತೋ ಮಿಷನ್ನು ಕೆಟ್ಟು, ಮುನ್ನೂರು ಜನ ಸಾಲಲ್ಲಿ ಕಾಯ್ತಿದ್ರು.

"ಹಾರ ಎಲ್ಲೋ? ಮೈಕ್ ಎಲ್ಲೋ?"

"ಜನ ಕೇಳಿದ್ರಿ, ತೋರ್ಸಿದೀನಿ. ಕೊನೇಲಿ ನಿಂತ್ಕಳಿ ಗೌಡ್ರೆ."

ಮುಂದಿದ್ದ ಮುದುಕಿ ತಿರುಗಿದ್ಳು. "ಓಟಿಲ್ದಾಗ್ಲೂ ಬರ್ತೀಯೇನಪ್ಪಾ? ಮೂರು ದಿನ ಆಯ್ತು, ಅಕ್ಕಿ ಇಲ್ಲ, ಕೇಳು."

ಗೌಡ್ರು ಗುರುಗುಟ್ಟಿದ್ರು. ಆಮೇಲೆ ಕೇಳಿದ್ರು. ಸಂಜೆವರ್ಗೂ ಸಾಲಲ್ಲಿದ್ದೋರ ಕಷ್ಟ ಎಲ್ಲಾ ಕೇಳಿದ್ರು.

ಮಿಷನ್ನು ಸರಿಯಾಗ್ಲಿಲ್ಲ. ನಾಳೆಗೆ ಜಾಗ ಇರ್ಲಿ ಅಂತ ಎಲ್ರೂ ಸಾಲಲ್ಲೇ ಚಪ್ಪಲಿ ಬಿಟ್ಟು ಹೊರಟ್ರು. ಗೌಡ್ರೂ ಬರಿಗಾಲಲ್ಲಿ ಕಾರು ಹತ್ತಿದ್ರು.

"ಗೌಡ್ರೆ, ಚಪ್ಪಲಿ?"

"ಸಾಲಲ್ಲಿದೆ. ಬೆಳಿಗ್ಗೆ ಬೇಗ ಬಾರೋ ಜವರ, ನಮ್ ಜಾಗ ಹೋದಾತು!"