ಏಡಿ ಕಾಯುವ ಒಂದು ಮಾತು

ಭೂಮಿ ಇನ್ನೂ ಹೊಸತಾಗಿದ್ದ ಕಾಲ. ಕಡಲು ಆಗಷ್ಟೇ ಅಲೆ ಎಬ್ಬಿಸುವುದನ್ನು ಕಲಿತಿತ್ತು. ಆ ಕಡಲಿನ ನಡುವೆ ಒಂದು ಪುಟ್ಟ ದ್ವೀಪ. ಒಲೆಯ ಮೇಲೆ ಗಂಜಿಗೆ ಇಟ್ಟು ಹೊರಟರೆ, ಅದು ಬೇಯುವುದರೊಳಗೆ ದ್ವೀಪವನ್ನೆಲ್ಲ ಸುತ್ತಿ ಬರಬಹುದಿತ್ತು.

ಅಲ್ಲಿ ಅಕ್ಕಣಿ ಎಂಬ ಅಜ್ಜಿ ಇದ್ದಳು. ಅವಳ ಮಗಳು ಚಂದು ಆಗಷ್ಟೇ ಹೆತ್ತಿದ್ದಳು. ಆದರೆ ಆ ವರ್ಷ ಮಳೆರಾಯ ಬರುವುದು ತಡವಾಗಿ ಮಡಕೆಗಳೆಲ್ಲ ಬರಿದಾಗಿದ್ದವು. ಕುಡಿಯಲು ನೀರಿಲ್ಲದೆ ಚಂದುವಿನ ಎದೆಹಾಲೂ ಬತ್ತುತ್ತಾ ಬಂತು. ಕೂಸು ಅತ್ತೂ ಅತ್ತೂ ಸುಸ್ತಾಯಿತು. ಅಕ್ಕಣಿಗೆ ಜೀವವೇ ಬಾಯಿಗೆ ಬಂದಂತಾಯಿತು.

ಗುದ್ದಲಿ ಎತ್ತಿಕೊಂಡಳು. ಬಾಯಾರಿಕೆ ಎಷ್ಟು ದೊಡ್ಡದೋ ಗುಂಡಿಯೂ ಅಷ್ಟು ಆಳವಾಗಬೇಕು ಎಂದು ಅವಳ ಲೆಕ್ಕ. ಅಗೆದಳು, ಅಗೆದಳು, ಸೊಂಟ ಬಿದ್ದುಹೋಗುವಷ್ಟು ಅಗೆದಳು. ನೀರೇನೋ ಬಂತು. ಬಾಯಿಗಿಟ್ಟರೆ ಬರೀ ಉಪ್ಪು, ಥೂ! ಇನ್ನೊಂದು ಕಡೆ ಇನ್ನೂ ಆಳ ಅಗೆದಳು. ಅಲ್ಲೂ ಉಪ್ಪು.

ಅಕ್ಕಣಿಗೆ ಸಿಟ್ಟು ನೆತ್ತಿಗೇರಿತು.

“ಏ ಕಡಲಪ್ಪಾ, ಇಷ್ಟು ದೊಡ್ಡ ಹೊಟ್ಟೆ ಇಟ್ಕೊಂಡು ಒಂದು ಬೊಗಸೆ ಸಿಹಿನೀರು ಉಳಿಸ್ಲಿಕ್ಕೆ ಆಗ್ಲಿಲ್ವಾ ನಿಂಗೆ?”

“ಉಳಿಸದೆ ಏನು? ಹೋದ ಮಳೆಗಾಲದ ನೀರನ್ನು ಮರಳಿನಡಿ ಬೆನ್ನ ಮೇಲೆ ಹೊತ್ಕೊಂಡೇ ಇದ್ದೇನೆ,” ಎಂದಿತು ಕಡಲು. “ನೀನು ಅದನ್ನೂ ದಾಟಿ ನನ್ನ ಬೆನ್ನಿಗೇ ಗುದ್ದಲಿ ಹಾಕ್ತಿ ಮಾರಾಯ್ತಿ!”

ಅಕ್ಕಣಿಗೆ ನಾಚಿಕೆಯಾಯಿತು. ಆದರೆ ಎಲ್ಲಿ ನಿಲ್ಲಿಸಬೇಕೆಂದು ಗುದ್ದಲಿಗೆ ಗೊತ್ತಾಗುವುದು ಹೇಗೆ?

ಇದನ್ನೆಲ್ಲ ಕೇಳುತ್ತಿದ್ದ ಏಡಿ ಅಡ್ಡಡ್ಡ ನಡೆದು ಬಂತು.

“ಅಜ್ಜಿ, ನಾನು ಒಂದೊಂದೇ ಹಿಡಿ ಮರಳು ತೆಗೀತೇನೆ, ನೀನು ನೆಕ್ಕಿ ನೋಡು. ಸಿಹಿ ಸಿಕ್ಕಿದ ಕೂಡಲೇ ‘ಸಾಕು’ ಅನ್ನು. ನೀನು ಹೇಳುವವರೆಗೆ ನಾನು ಬಿಡುವವನಲ್ಲ.”

ಏಡಿ ಒಂದು ಹಿಡಿ ತಂದಿತು, ಕಣ್ಣೆತ್ತಿ ನೋಡಿತು. ಒಣ ಮರಳು. ಇನ್ನೊಂದು ಹಿಡಿ ತಂದಿತು, ಕಣ್ಣೆತ್ತಿ ನೋಡಿತು. ತುಸು ತೇವ. ಹೀಗೇ ತರುತ್ತಾ ಹೋಯಿತು. ಕೊನೆಗೆ ಒಂದು ಹಿಡಿಯನ್ನು ಅಕ್ಕಣಿ ನಾಲಿಗೆಗೆ ತಾಗಿಸಿದಳು. ಸಿಹಿ! ಗುಂಡಿಯಲ್ಲಿ ತಣ್ಣನೆಯ ನೀರು ಜಿನುಗತೊಡಗಿತ್ತು.

ಅಕ್ಕಣಿ ಕುಡಿಕೆ ತುಂಬಿಕೊಂಡು ಮನೆಗೆ ಓಡಿದಳು. ಚಂದು ಗಟಗಟ ಕುಡಿದಳು. ಸಂಜೆ ಹೊತ್ತಿಗೆ ಕೂಸು ಹೊಟ್ಟೆ ತುಂಬ ಹಾಲು ಕುಡಿದು, ಬಾಯಿ ತೆರೆದುಕೊಂಡೇ ನಿದ್ದೆ ಹೋಯಿತು. ಅಕ್ಕಣಿ ಗೋಡೆಗೆ ಒರಗಿ ಕೂತು, “ಅಬ್ಬಾ” ಎಂದು ಉಸಿರು ಬಿಟ್ಟು, ಸಮಾಧಾನಕ್ಕೆ ಅತ್ತೇಬಿಟ್ಟಳು.

ಆದರೆ ಆ ಸಂಭ್ರಮದಲ್ಲಿ ಏಡಿಗೆ ‘ಸಾಕು’ ಎಂದು ಹೇಳಲು ಅಕ್ಕಣಿ ಮರೆತೇಬಿಟ್ಟಿದ್ದಳು. ಮಾತು ಕೊಟ್ಟ ಏಡಿ ಬಿಟ್ಟೀತೇ? ಆ ಗುಂಡಿಯ ನೀರು ಕೆಡಬಾರದೆಂದು ಪಕ್ಕದಲ್ಲಿ ಇನ್ನೊಂದು ತೋಡಿತು. ಆಮೇಲೆ ಮತ್ತೊಂದು.

ಅದಕ್ಕೇ ನೋಡಿ, ಇವತ್ತಿಗೂ ಕಡಲ ತೀರದ ಏಡಿ ಒಂದು ಹಿಡಿ ಮರಳು ತಂದು ಹೊರಗೆ ಹಾಕಿ, ಕಣ್ಣೆತ್ತಿ ನಮ್ಮನ್ನೇ ನೋಡುತ್ತಾ ನಿಲ್ಲುತ್ತದೆ. ಯಾರೂ ‘ಸಾಕು’ ಅನ್ನದಿದ್ದರೆ, ಪಾಪ, ಮತ್ತೆ ಒಳಗೆ ಹೋಗುತ್ತದೆ.