ಮಸಿ ಹಚ್ಚದ ಓಲೆ

"ನಮ್ಮ ವಿದ್ಯಾಶಾಲೆಯಲ್ಲಿ ಅರಮನೆಯವರಿಗೂ ಅಗಸರಿಗೂ ಒಂದೇ ಕಟ್ಟಳೆ. ಕೂದಲೆಳೆಯಷ್ಟೂ ಭೇದವಿಲ್ಲ," ಎಂದು ದೊರೆ ಸಿರುಮಲ್ಲ ನಾಯಕ ಮೀಸೆ ತಿರುವಿದ. ಸಭೆಯೆಲ್ಲ ತಲೆಯಾಡಿಸಿತು. ದೊರೆ ಹೇಳಿದ ಮೇಲೆ ತಲೆಯಾಡಿಸದೆ ಇರೋಕೆ ಸಭೆಗೇನು ಹುಚ್ಚೇ?

ಆಗ ಬಾಗಿಲಲ್ಲಿ ಒಬ್ಬ ವಿದ್ಯಾರ್ಥಿ ಕೈಮುಗಿದು ನಿಂತ. ಹೆಸರು ಕಲಿದೇವ, ನೇಕಾರರ ಮನೆಯವನು. ಎಂಟನೇ ವಯಸ್ಸಿಗೆ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಮರಳಿನ ಮೇಲೆ ತಿದ್ದಿ ಕಲಿತ ಅಕ್ಷರ ಮಾತ್ರ ಬೆರಳಲ್ಲೇ ಉಳಿದಿತ್ತು. ಮರುದಿನ ಪರೀಕ್ಷೆ. ಹೊಸ ಓಲೆಯೊಂದನ್ನು ಓದಿ ಅರ್ಥ ಹೇಳಿದವನು ಮೇಲಿನ ತರಗತಿಗೆ, ತಪ್ಪಿದವನು ಮನೆಗೆ.

"ಬುದ್ಧಿ, ಕಬ್ಬಿಣದ ಕಂಟದಿಂದ ಓಲೆ ಮೇಲೆ ಕೊರೆದ ಅಕ್ಷರ ನನ್ನ ಬೆರಳಿಗೆ ಸಿಗುತ್ತೆ. ಆಮೇಲೆ ಕಣ್ಣಿಗೆ ಕಾಣಲಿ ಅಂತ ಎಣ್ಣೆ ಮಸಿ ತಿಕ್ಕಿದರೆ ಗೀರು ಮುಚ್ಚಿಹೋಗುತ್ತೆ. ನನ್ನ ಓಲೆಗೆ ಮಸಿ ಹಚ್ಚದೆ ಕೊಡಿಸಿ. ಅಷ್ಟೇ ನಾನು ಕೇಳೋದು."

ವಿದ್ಯಾಶಾಲೆಯ ಹಿರಿಯ ಗುರು ಅಹೋಬಲ ಪಂಡಿತರು ಎದ್ದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಆಸಾಮಿ.

"ಪ್ರಭು, ಎಲ್ಲರಿಗೂ ಒಂದು ಓಲೆ, ಇವನಿಗೇ ಒಂದು ಓಲೆಯೇ? ಒಬ್ಬನಿಗೆ ರಿಯಾಯಿತಿ ಕೊಟ್ಟರೆ ಮಿಕ್ಕವರಿಗೆ ಅನ್ಯಾಯ."

ದೊರೆ ಪೇಚಿಗೆ ಬಿದ್ದ. ಈಗಷ್ಟೇ ಮೀಸೆ ತಿರುವಿದ್ದಾನೆ, ಇಳಿಸೋದು ಹೇಗೆ? ಮೆಲ್ಲನೆ ಆಸ್ಥಾನದ ಜಾಣ ಸೋವರಸನ ಕಡೆ ನೋಡಿದ.

"ಪಂಡಿತರ ಮಾತು ನೂರಕ್ಕೆ ನೂರು ಸರಿ," ಎಂದ ಸೋವರಸ. "ಎಲ್ಲರಿಗೂ ಒಂದೇ ಥರದ ಓಲೆ ಇರಲಿ. ಅಪ್ಪಣೆಯಾದರೆ ನಾಳೆಯ ಓಲೆಗಳನ್ನು ನಾನೇ ಬರೆಸಿ ತರ್ತೀನಿ."

ಅಪ್ಪಣೆಯಾಯಿತು. ಪಂಡಿತರಿಗೆ ಹಾಲು ಕುಡಿದಷ್ಟು ಸಂತೋಷ. ಕಲಿದೇವ ಮಾತ್ರ ಗೋಡೆ ತಡವುತ್ತಾ ಹೊರಟ. ಆರು ವರ್ಷ ಕಲಿತದ್ದು ನಾಳೆಗೆ ಮುಗಿಯಿತಲ್ಲ ಅಂತ ಅವನಿಗೆ ಅನ್ನಿಸಿತು. ಪಾಪ, ಆ ಮುಖ ನೋಡೋಕಾಗ್ತಿರಲಿಲ್ಲ.

ಮರುದಿನ ದೊರೆಯ ಎದುರಿಗೇ ಓಲೆ ಹಂಚಿದರು. ವಿದ್ಯಾರ್ಥಿಗಳು ಅದನ್ನು ಹಿಂದೆ ಮುಂದೆ ತಿರುಗಿಸಿದರು. ಬಿಸಿಲಿಗೆ ಹಿಡಿದರು. ಮಂತ್ರಿಯ ಅಳಿಯನಂತೂ ಮೂಗಿಗೆ ತಾಗಿಸಿಕೊಂಡು ನೋಡಿದ. ಯಾರಿಗೂ ಒಂದಕ್ಷರ ಕಾಣಲಿಲ್ಲ.

ಪಂಡಿತರು ಒಂದು ಓಲೆ ಕಿತ್ತುಕೊಂಡರು. "ಇದೇನಿದು ಸೋವರಸ? ಬರೀ ಓಲೆ ಕೊಟ್ಟಿದ್ದೀಯಲ್ಲ."

"ಅಕ್ಷರ ಇದೆ ಸ್ವಾಮಿ, ಚೆನ್ನಾಗಿ ಕೊರೆಸಿದ್ದೀನಿ. ಮಸಿ ಮಾತ್ರ ಹಚ್ಚಿಸಲಿಲ್ಲ. ಎಲ್ಲರಿಗೂ ಒಂದೇ ಥರ."

ಅಷ್ಟರಲ್ಲಿ ಕಲಿದೇವನ ಬೆರಳು ಓಲೆಯ ಮೇಲೆ ಓಡತೊಡಗಿತ್ತು. ಅವನ ಮುಖ ಅರಳಿತು.

"ಇದು ಕೆರೆಯ ನೀರು ಹಂಚೋ ಕ್ರಮ. ಕಡೇ ಗದ್ದೆಗೆ ಮೊದಲು ನೀರು ಬಿಡಬೇಕು ಅಂತ ಬರೆದಿದೆ. ತೂಬಿನ ಪಕ್ಕದವರಿಗೆ ನೀರು ಹೇಗೂ ಸಿಗುತ್ತೆ, ಕಡೆಯವರಿಗೆ ಕೊಟ್ಟರಷ್ಟೇ ಸಿಗೋದು, ಅದಕ್ಕೇ ಈ ಕ್ರಮ."

ದೊರೆ ತಾನೂ ಒಂದು ಓಲೆ ಹಿಡಿದು ಕಣ್ಣು ಕಿರಿದು ಮಾಡಿ ಸೋತಿದ್ದ. "ಪಂಡಿತರೇ, ಇವನು ಓದಿದ್ದು ಸರಿಯೋ ತಪ್ಪೋ ನೋಡಿ ಹೇಳಿ."

ಪಂಡಿತರು ಓಲೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಹಣೆ ಬೆವರಿತು. ಕೊನೆಗೆ ಸೋವರಸನ ಹತ್ತಿರ ಬಂದು ದನಿ ತಗ್ಗಿಸಿದರು.

"ಒಂದಿಷ್ಟು ಮಸಿ ಕೊಡಪ್ಪ."

"ಕೊಡೋಕೇನೂ ಅಡ್ಡಿಯಿಲ್ಲ ಸ್ವಾಮಿ," ಎಂದ ಸೋವರಸ, ಎಲ್ಲರಿಗೂ ಕೇಳೋ ಹಾಗೆ. "ಆದರೆ ನಿಮಗೆ ರಿಯಾಯಿತಿ ಕೊಟ್ಟರೆ ಕಲಿದೇವನಿಗೆ ಅನ್ಯಾಯ ಆಗಲ್ವೇ?"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸುಸ್ತಾದ ಮೇಲೆ ಪಂಡಿತರಿಗೆ ಮಸಿ ತರಿಸಿಕೊಟ್ಟ. ಅವರು ಓಲೆಗೆ ತಿಕ್ಕಿ, ಓದಿ, ಒಂದಕ್ಷರವೂ ತಪ್ಪಿಲ್ಲ ಎಂದು ಒಪ್ಪಿಕೊಂಡರು. ಕಲಿದೇವ ಮೇಲಿನ ತರಗತಿಗೆ ಹೋದ.

"ಇನ್ನು ಮುಂದೆ ಯಾವ ಓಲೆ ಕೊಡೋಣ?" ಎಂದು ದೊರೆ ಸೋವರಸನನ್ನು ಕೇಳಿದ.

"ಪ್ರಶ್ನೆ ಎಲ್ಲರಿಗೂ ಒಂದೇ ಇರಲಿ ಪ್ರಭು. ಓಲೆ ಮಾತ್ರ ಅವರವರು ಓದಬಲ್ಲದ್ದನ್ನು ಕೊಡಿ. ನಾವು ಪರೀಕ್ಷೆ ಮಾಡಬೇಕಾದ್ದು ಬುದ್ಧಿಯನ್ನ, ಮಸಿಯನ್ನಲ್ಲ."